ಅರೆನಿದ್ದೆಯ ಡಾಕ್ಟರು

"ನಿಮ್ಮ ಪೇಷೆಂಟ್‌ಗೆ ನಾನು ಪೂರ್ತಿ ನಿದ್ದೆ ಕೊಡಲ್ಲ."

ಸ್ಕೋಪ್ ಹಿಡಿದಿದ್ದ ಅವಳ ಕೈ ಗಾಳಿಯಲ್ಲೇ ನಿಂತಿತು. ಏನಂದ ಇವನು?!

ದೊಡ್ಡ ಕರುಳಿನ ಸ್ಕೋಪಿ ಅವಳ ಕೈಗೆ ಬಂದ ಮೊದಲ ದಿನ ಅದು. ಹೊಟ್ಟೆ-ಕರುಳಿನ ಡಾಕ್ಟರಾಗಬೇಕೆಂದು ವರ್ಷಗಟ್ಟಲೆ ಓದಿ, ವಾರ್ಡುಗಳಲ್ಲಿ ಕಾಲು ಸವೆಸಿದ ಮೇಲೆ ಕೊನೆಗೂ ವಿಭಾಗದ ಮುಖ್ಯಸ್ಥೆ ಮೇಡಂ "ನಾಳೆಯಿಂದ ನೀನೇ ಹಿಡಿ" ಎಂದಿದ್ದರು. ಖುಷಿಗೆ ಅವಳಿಗೆ ಸರಿಯಾಗಿ ತಿಂಡಿಯೂ ಇಳಿದಿರಲಿಲ್ಲ. ಈಗ ನೋಡಿದರೆ, ಪೇಷೆಂಟಿನ ತಲೆಯ ಬಳಿ ಸ್ಟೂಲ್ ಎಳೆದು ಕುಳಿತ ಈ ಅರಿವಳಿಕೆ ಡಾಕ್ಟರು ಶುರುವಿಗೇ ಅಡ್ಡಗಾಲು ಹಾಕುತ್ತಿದ್ದಾನೆ!

"ಯಾಕೆ ಕೊಡಲ್ಲ? ಈಗ ತಾನೇ ಮೇಡಂ ಮಾಡಿದ ಪೇಷೆಂಟ್ ಗೊರಕೆ ಹೊಡೀತಿದ್ರಲ್ಲ?"

"ಅವರು ಮೇಡಂ. ನೀವು ಕಲೀತಿರೋರು. ನಿಮಗೆ ಅರೆನಿದ್ದೆ ಸಾಕು. ಯಾಕಂದ್ರೆ..."

"ಬೇಡ ಬಿಡಿ! ಅರ್ಥ ಆಯ್ತು. ಹೊಸಬಳು ಅಂತ ತಾನೇ?"

ಅವನು ಮಾನಿಟರ್ ಕಡೆ ತಿರುಗಿದ. "ಹೌದು. ಹೊಸಬರು ಅಂತಾನೇ."

ಅಷ್ಟೇ! ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಮನೆಯಲ್ಲಿ ಅವಳನ್ನು 'ಪಟಾಕಿ' ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಅಣ್ಣ ಇಟ್ಟ ಆ ಹೆಸರು ಅದು ಹೇಗೋ ಆಸ್ಪತ್ರೆಗೂ ಬಂದು ಸೇರಿತ್ತು. ಈ ಅರಿವಳಿಕೆ ಡಾಕ್ಟರಿಗೂ ಒಂದು ಅಡ್ಡಹೆಸರಿತ್ತು. ಪೇಷೆಂಟಿಗೆ ಮದ್ದು ಕೊಡುವಾಗ ಏನೋ ಗುನುಗುತ್ತಿದ್ದ ಅವನನ್ನು ಸಿಸ್ಟರ್‌ಗಳೆಲ್ಲ 'ಜೋಗುಳ' ಎನ್ನುತ್ತಿದ್ದರು.

ಜೋಗುಳವಂತೆ ಜೋಗುಳ... ಹಾಡೋಕೆ ಬರುತ್ತೆ, ಮಲಗಿಸೋಕೆ ಬರಲ್ಲ!

ಅವಳು ಹಲ್ಲು ಕಚ್ಚಿಕೊಂಡು ಕೆಲಸಕ್ಕೆ ಇಳಿದಳು.

ಈ ದೊಡ್ಡ ಕರುಳು ಅನ್ನುವುದು ನೆಟ್ಟಗೆ ಹೋಗುವ ಕೊಳವೆಯಲ್ಲ. ಎಡಕ್ಕೊಂದು ತಿರುವು, ಮೇಲೆ ಹತ್ತಿ ಇನ್ನೊಂದು ತಿರುವು, ಅಡ್ಡ ಹಾದು ಮತ್ತೊಂದು, ನಡುನಡುವೆ ಮಡಿಕೆಗಳು ಬೇರೆ. ತುದಿಯಲ್ಲಿ ಕ್ಯಾಮೆರಾ ಇರುವ ಆ ಉದ್ದನೆಯ ಸ್ಕೋಪ್ ಅಷ್ಟನ್ನೂ ದಾಟಿ ಕರುಳಿನ ಕೊನೆಯನ್ನು ಮುಟ್ಟಬೇಕು. ಕೊನೆ ಮುಟ್ಟದಿದ್ದರೆ ಪರೀಕ್ಷೆ ಅರ್ಧಂಬರ್ಧ. ಆ ಮುಟ್ಟದ ಭಾಗದಲ್ಲೇ ರೋಗ ಕುಳಿತಿರಬಹುದು.

ಮೊದಲ ತಿರುವಿನಲ್ಲೇ ಸ್ಕೋಪ್ ಮುಷ್ಕರ ಹೂಡಿತು. ಅವಳು ತಳ್ಳಿದಳು. ಪರದೆಯ ಮೇಲಿನ ಚಿತ್ರ ಮುಂದೆ ಹೋಗುವ ಬದಲು ಹಿಂದಕ್ಕೆ ಜಾರಿತು.

"ನಿಧಾನ," ಎಂದ ಅವನು. ಪೇಷೆಂಟಿನ ಕೈ ಅವನ ಕೈಯಲ್ಲಿತ್ತು.

ಯಾರು ಕೇಳಿದ್ರು ನಿಮ್ಮನ್ನ? ಅವಳು ಇನ್ನಷ್ಟು ತಳ್ಳಿದಳು.

"ಅಮ್ಮಾ..." ಪೇಷೆಂಟ್ ನರಳಿ ಮಗ್ಗುಲು ಹೊರಳಲು ನೋಡಿದರು. ಅಷ್ಟರಲ್ಲಿ ಮೇಡಂ ಎದ್ದು ಬಂದೇ ಬಿಟ್ಟರು. "ಕೊಡು ಇಲ್ಲಿ." ಅವಳ ಕೈಯಿಂದ ಸ್ಕೋಪ್ ಮೇಡಂ ಕೈಗೆ ಹೋಯಿತು. ಅವರು ಒಂದಿಷ್ಟು ಹಿಂದಕ್ಕೆಳೆದು, ತಿರುಚಿ, ಬೆಣ್ಣೆಯಲ್ಲಿ ಹೋದ ಹಾಗೆ ಕೊನೆಯವರೆಗೂ ಹೋದರು. ಅವಳು ಪಕ್ಕದಲ್ಲಿ ಬರಿಗೈಯಲ್ಲಿ ನಿಂತಿದ್ದಳು.

ಆ ದಿನವೊಂದೇ ಅಲ್ಲ. ಮರುದಿನವೂ ಅದೇ, ಮರುವಾರವೂ ಅದೇ. ಅವಳು ತಳ್ಳುವುದು, ಅವನು "ನಿಧಾನ" ಎನ್ನುವುದು, ಪೇಷೆಂಟ್ ನರಳುವುದು, ಮೇಡಂ "ಕೊಡು ಇಲ್ಲಿ" ಎನ್ನುವುದು! ಮೇಡಂ ಸರದಿಯಲ್ಲಿ ಮಾತ್ರ ಅದೇ ಅವನು ಪೇಷೆಂಟಿಗೆ ಗಡದ್ದಾಗಿ ನಿದ್ದೆ ಕೊಡುತ್ತಿದ್ದ. ಅವಳ ಹೊಟ್ಟೆಯಲ್ಲಿ ಬೆಂಕಿ ಬೀಳದೆ ಇನ್ನೇನಾದೀತು?

"ಇವತ್ತಾದ್ರೂ ಕೊನೆ ಮುಟ್ಟಿದ್ಯೇನೇ?" ಊಟಕ್ಕೆ ಬಡಿಸುತ್ತ ಅಮ್ಮ ಕೇಳಿದರು.

"ಇಲ್ಲಮ್ಮಾ! ಎರಡನೇ ತಿರುವಲ್ಲಿ ಗಾಳಿ ತುಂಬ್ಕೊಂಡು, ಸುರುಳಿ ಬಿದ್ದು..."

"ಅಯ್ಯೋ, ನಿನ್ನ ಕಾಲಿಗೆ ಬೀಳ್ತೀನಿ ಪಟಾಕಿ!" ಅಣ್ಣ ತಟ್ಟೆ ದೂರ ತಳ್ಳಿದ. "ತುತ್ತು ಬಾಯಿಗಿಡೋ ಹೊತ್ತಲ್ಲಿ ಕರುಳಿನ ಕಥೆ ಬೇಡ ಅಂತ ಎಷ್ಟು ಸಲ ಹೇಳೋದು?"

"ತಿಂದಿದ್ದೆಲ್ಲ ಅಲ್ಲಿಗೇ ತಾನೇ ಹೋಗೋದು?"

"ಹೋಗ್ಲಿ! ನನಗೆ ದಾರಿ ಹೇಳ್ಬೇಡ!"

ಅಮ್ಮ ನಕ್ಕರು. ಅವಳಿಗೆ ನಗು ಬರಲಿಲ್ಲ. "ಎಲ್ಲ ಆ ಜೋಗುಳನಿಂದಮ್ಮ. ಬೇಕಂತಲೇ ನನ್ನ ಪೇಷೆಂಟ್‌ನ ಮಲಗಿಸಲ್ಲ. ಅವರು ನರಳಿದ ಕೂಡ್ಲೇ ಮೇಡಂ ಕಿತ್ಕೋತಾರೆ. ನಾನು ಕಲಿಯೋದು ಅವನಿಗೆ ಇಷ್ಟ ಇಲ್ಲ."

ಹೀಗೆ ಅವನನ್ನು ದಿನವೂ ಬೈಯುತ್ತಿದ್ದವಳ ಮನಸ್ಸು ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ಅದೇ ಅವಳಿಗೆ ದೊಡ್ಡ ತಲೆನೋವು! ಹೆದರಿ ನಡುಗುತ್ತಿದ್ದ ಒಬ್ಬ ಅಜ್ಜಿಯ ಕಿವಿಯ ಬಳಿ ಬಾಗಿ "ನಾನು ಇಲ್ಲೇ ಇರ್ತೀನಿ, ಎಲ್ಲೂ ಹೋಗಲ್ಲ" ಎಂದು ಅವನು ಹೇಳುವುದನ್ನು ಕೇಳಿಸಿಕೊಂಡಾಗ ಅವಳು ಕೈಗವಸು ಹಾಕಿಕೊಳ್ಳುವುದನ್ನೇ ಮರೆತಿದ್ದಳು. ಇನ್ನೊಮ್ಮೆ, ಸ್ಕೋಪಿನ ಚಕ್ರ ತಿರುಗಿಸಿ ತಿರುಗಿಸಿ ಮಣಿಕಟ್ಟು ಊದಿಕೊಂಡು ಅವಳು ಮೂಲೆಯಲ್ಲಿ ಕೈ ಉಜ್ಜಿಕೊಳ್ಳುತ್ತ ನಿಂತಿದ್ದಳು. ಅವನು ಹತ್ತಿರ ಬಂದ. ಪೇಷೆಂಟುಗಳ ಹೊದಿಕೆ ಬೆಚ್ಚಗಿಡುವ ಬೀರುವಿನಿಂದ ಒಂದು ಟವೆಲ್ ತೆಗೆದು, ಅವಳ ಮಣಿಕಟ್ಟಿಗೆ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿದ.

"ಆರೋವರೆಗೂ ತೆಗೀಬೇಡಿ," ಎಂದು ಹೊರಟೇ ಹೋದ.

ಆ ಟವೆಲ್ ಆರಿ ತಣ್ಣಗಾದ ಮೇಲೂ ಅವಳು ತೆಗೆಯಲಿಲ್ಲ. ಥೂ, ನಾಚಿಕೆಯಾಗಲ್ವಾ ನಿಂಗೆ? ಯಾರ ಮೇಲೆ ಮನಸ್ಸು ಹೋಗ್ತಿದೆ ನೋಡು!

ಮರುದಿನ ಬೆಳಗ್ಗೆ ಮತ್ತದೇ ಅರೆನಿದ್ದೆ. ಅದೇ "ನಿಧಾನ".

ಅವಳಿಗೆ ತಲೆ ಚಿಟ್ಟು ಹಿಡಿಯಿತು.

ಅದೇ ವಾರ ಮೇಡಂ ಅವಳನ್ನು ಕೋಣೆಗೆ ಕರೆದರು. "ಈ ತಿಂಗಳ ಕೊನೇಲಿ ನಿನ್ನ ಪರೀಕ್ಷೆ ತಗೋತೀನಿ. ನಾನು ಸ್ಕೋಪ್ ಮುಟ್ಟಬಾರದು, ನೀನು ಕೊನೆ ಮುಟ್ಟಬೇಕು. ಆಗ್ಲಿಲ್ಲ ಅಂದ್ರೆ ಇನ್ನೊಂದು ವರ್ಷ ಇಲ್ಲೇ. ಬೇಜಾರು ಮಾಡ್ಕೋಬೇಡ. ಇದು ಜನರ ಹೊಟ್ಟೆ ವಿಷ್ಯ."

ಇನ್ನೊಂದು ವರ್ಷ! ಜೊತೆಗೆ ಸೇರಿದವರೆಲ್ಲ ಆಗಲೇ ಪಾಸಾಗಿ ಸ್ವಂತವಾಗಿ ಸ್ಕೋಪಿ ಮಾಡುತ್ತಿದ್ದರು. ಅವಳ ಬಾಯಿಯಿಂದ ಮಾತು ತಾನಾಗಿ ಹಾರಿತು.

"ಮೇಡಂ, ನನಗೆ ಬೇರೆ ಅರಿವಳಿಕೆ ಡಾಕ್ಟರ್ ಕೊಡಿ. ಅವರಿದ್ರೆ ನನ್ನ ಕೈಲಿ ಆಗಲ್ಲ."

"ಯಾಕೆ? ಏನ್ಮಾಡಿದ?"

"ನನ್ನ ಪೇಷೆಂಟ್‌ನ ಅವರು ಮಲಗಿಸೋದೇ ಇಲ್ಲ!"

ಮೇಡಂ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ರಕ್ತ ವಾಂತಿಯ ಕೇಸೆಂದು ಕರೆ ಬಂತು. "ಸರಿ, ಬದಲಾಯಿಸ್ಕೋ," ಎಂದವರೇ ಓಡಿದರು. ಬಾಗಿಲು ತೆರೆದಾಗ ಅವನು ಹೊರಗೇ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಾನೇ ಕೇಳಿ ಮೂಳೆ ವಿಭಾಗಕ್ಕೆ ಹೋಗ್ತೀನಿ," ಎಂದ ಅವನು. ಸಿಟ್ಟಿರಲಿಲ್ಲ, ಮುಖ ಮಾತ್ರ ಬಾಡಿತ್ತು. "ಒಳ್ಳೇದಾಗ್ಲಿ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು... ಅವಳು ತಿರುಗಿ ಬೈಯಬಹುದಿತ್ತು.

ಅವನ ಜಾಗಕ್ಕೆ ಬಂದವರನ್ನು ಎಲ್ಲರೂ 'ಕುಂಭಕರ್ಣ' ಎನ್ನುತ್ತಿದ್ದರು. ಅವರು ಮದ್ದು ಕೊಟ್ಟರೆ ಪಕ್ಕದಲ್ಲಿ ಡೋಲು ಬಾರಿಸಿದರೂ ಪೇಷೆಂಟಿಗೆ ಎಚ್ಚರವಾಗುತ್ತಿರಲಿಲ್ಲ. ಆಹಾ, ಎಂಥಾ ನೆಮ್ಮದಿ! ನರಳಾಟವಿಲ್ಲ, ಹೊರಳಾಟವಿಲ್ಲ. "ನಿಧಾನ" ಎನ್ನುವವರೂ ಇಲ್ಲ. ಮೊದಲ ದಿನವೇ ಅವಳು ತಳ್ಳಿಕೊಂಡು ತಳ್ಳಿಕೊಂಡು ಕೊನೆ ಮುಟ್ಟಿದಳು.

"ಮುಟ್ಟಿದೆ ಅಮ್ಮಾ!" ಫೋನಿನಲ್ಲೇ ಕಿರುಚಿದಳು. ಅಮ್ಮ ಪಾಯಸ ಮಾಡಿದರು. ಅಣ್ಣ ಕೂಡ ಅಂದು ಕರುಳಿನ ಕಥೆಯನ್ನು ಕಿವಿ ಮುಚ್ಚದೆ ಕೇಳಿದ.

ನೋಡಿದ್ಯಾ? ತಪ್ಪು ನಂದಲ್ಲ, ಅವನದ್ದು. ಹಾಗೆಂದು ಅವಳು ತನಗೆ ತಾನೇ ಹೇಳಿಕೊಂಡಳು. ತಲೆಯ ಬಳಿಯ ಸ್ಟೂಲಿನ ಕಡೆ ನೋಡುವುದನ್ನು ಮಾತ್ರ ಬಿಟ್ಟಿದ್ದಳು.

ಆಮೇಲೆ ಬಂದವರು ಒಬ್ಬ ಬಸ್ ಡ್ರೈವರ್. ದಪ್ಪ ಮೀಸೆ, ದೊಡ್ಡ ನಗು. "ನಾನು ಎಂಥೆಂಥಾ ತಿರುವು ದಾಟಿದೀನಿ, ನೀವು ನನ್ನ ಹೊಟ್ಟೇಲಿ ದಾಟಿ ಡಾಕ್ಟ್ರೇ," ಎಂದು ತಮಾಷೆ ಮಾಡುತ್ತಲೇ ನಿದ್ದೆಗೆ ಜಾರಿದರು. ಎರಡನೇ ತಿರುವು ಬಿಗಿಯಾಗಿತ್ತು. ಅವಳು ತಳ್ಳಿದಳು. ಡ್ರೈವರ್ ಕಮಕ್ ಕಿಮಕ್ ಅನ್ನಲಿಲ್ಲ. ಮತ್ತಷ್ಟು ತಳ್ಳಿದಳು.

"ನಿಲ್ಸು!" ಮೇಡಂ ಕೂಗು ಗೋಡೆಗೆ ಬಡಿಯಿತು. "ಹೊಟ್ಟೆ ನೋಡು!"

ಅವಳು ಪರದೆ ಬಿಟ್ಟು ಆಗಷ್ಟೇ ಪೇಷೆಂಟನ್ನು ನೋಡಿದಳು. ಡ್ರೈವರ್ ಹೊಟ್ಟೆಯ ಒಂದು ಬದಿ ಉಬ್ಬಿಕೊಂಡಿತ್ತು. ಸ್ಕೋಪ್ ಒಳಗೆ ದೊಡ್ಡ ಸುರುಳಿ ಸುತ್ತಿ, ಕರುಳನ್ನು ಹಿಗ್ಗಿಸುತ್ತಿತ್ತು. ಮೇಡಂ ಸ್ಕೋಪ್ ಕಿತ್ತುಕೊಂಡು ಮೆಲ್ಲಗೆ ಹೊರಗೆಳೆದರು.

ಎಚ್ಚರವಾದಾಗ ಡ್ರೈವರ್ ಮುಖದಲ್ಲಿ ನಗು ಇರಲಿಲ್ಲ. ಹೊಟ್ಟೆ ಹಿಡಿದುಕೊಂಡು ಮುದುಡಿದ್ದರು. ಸ್ಕ್ಯಾನ್ ಆಗುವವರೆಗೂ ಅವಳು ಬಾಗಿಲ ಹೊರಗೆ ನಿಂತೇ ಇದ್ದಳು. ಕರುಳು ತೂತಾಗಿದ್ದರೆ? ಮೀಸೆಯ ಮನುಷ್ಯ ನನ್ನ ಕೈಯಿಂದಲೇ...

ಕರುಳು ಹರಿದಿರಲಿಲ್ಲ. ಒಳಪದರ ಜಜ್ಜಿಹೋಗಿತ್ತು, ಅಷ್ಟೇ. ವಾರ್ಡಿನಲ್ಲಿ ಇಟ್ಟುಕೊಂಡು ನೋಡಿದರೆ ಸಾಕೆಂದರು. ಡ್ರೈವರ್ ಹೆಂಡತಿ ಕೇಳಿದಾಗ ಅವಳು ತಲೆ ತಗ್ಗಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ನಾನು ಜಾಸ್ತಿ ತಳ್ಳಿದೆ. ತಪ್ಪು ನಂದು." ಆ ಹೆಂಗಸು ಗಂಡನ ಪಕ್ಕ ಹೋಗಿ ಕುಳಿತರು.

ಮೇಡಂ ಕೋಣೆಯಲ್ಲಿ ಅವಳಿಗೆ ಸರಿಯಾಗಿ ಮಂಗಳಾರತಿಯಾಯಿತು.

"ಸುರುಳಿ ಬಿದ್ರೆ ತಳ್ಳೋದಲ್ಲ, ಹಿಂದಕ್ಕೆಳೆದು ನೆಟ್ಟಗೆ ಮಾಡ್ಕೋಬೇಕು ಅಂತ ಎಷ್ಟು ಸಲ ಬಡ್ಕೊಂಡಿದೀನಿ?"

"ಸುರುಳಿ ಬಿದ್ದಿದ್ದೇ ಗೊತ್ತಾಗ್ಲಿಲ್ಲ ಮೇಡಂ..."

"ಹೇಗೆ ಗೊತ್ತಾಗುತ್ತೆ? ಕೈಗೆ ಇನ್ನೂ ಅಭ್ಯಾಸ ಇಲ್ಲ. ಗೊತ್ತುಮಾಡೋದು ಪೇಷೆಂಟಿನ ನೋವು. ಅದನ್ನ ಪೂರ್ತಿ ಮಲಗಿಸಿಬಿಟ್ರೆ ನಿನಗೆ ಹೇಳೋರು ಯಾರು? ಅದಕ್ಕೇ ಕಲಿಯೋರ ಪೇಷೆಂಟ್‌ಗೆ ಅವನು ಅರೆನಿದ್ದೆ ಕೊಡೋದು. ಕುಂಭಕರ್ಣಂಗೆ ನಾನೂ ಹೇಳ್ಬೇಕಿತ್ತು. ಅವನು ನಿನಗೆ ಹೇಳ್ಲಿಲ್ವಾ?"

ಅವಳಿಗೆ ಆ ಮೊದಲ ದಿನ ನೆನಪಾಯಿತು. ಯಾಕಂದ್ರೆ... ಎಂದು ಅವನು ಶುರುಮಾಡಿದ್ದ. ಅವಳೇ ಬಾಯಿ ಮುಚ್ಚಿಸಿದ್ದಳು.

"ಹೇಳೋಕೆ ಬಂದ್ರು," ಎಂದಳು ಕ್ಷೀಣವಾಗಿ. "ನಾನು ಬಿಡಲಿಲ್ಲ."

ಚಹಾ ತಂದಿಟ್ಟ ಹಿರಿಯ ಸಿಸ್ಟರ್ ಸುಮ್ಮನಿರಲಿಲ್ಲ. "ಅವರು ಪೇಷೆಂಟ್ ಕೈ ಹಿಡ್ಕೊಂಡು ಕೂತಿರ್ತಿದ್ದಿದ್ದು ಮತ್ಯಾಕೆ ಅಂದ್ಕೊಂಡ್ರಿ, ಶೋಕಿಗಾ? ನೋವು ಶುರುವಾದ್ರೆ ಪೇಷೆಂಟ್ ಬಾಯಿ ಬಿಡೋಕೆ ಮುಂಚೆ ಕೈ ಹಿಸುಕ್ತಾರೆ. ಆಗಲೇ ಅವರು ನಿಮಗೆ 'ನಿಧಾನ' ಅಂತಿದ್ದಿದ್ದು. ನೀವೇನ್ಮಾಡ್ತಿದ್ರಿ? ಇನ್ನೂ ಜೋರಾಗಿ ತಳ್ತಿದ್ರಿ!"

ಅಯ್ಯೋ ದೇವರೇ... ಎಂಥಾ ಕೆಲಸ ಮಾಡಿಬಿಟ್ಟೆ ನಾನು!

ಮೂಳೆ ವಿಭಾಗ ಮೇಲಿನ ಮಹಡಿಯಲ್ಲಿತ್ತು. ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಹೋದಳು. ಆಪರೇಷನ್ ಕೋಣೆಯ ಹೊರಗೆ ಅವನು ಟೋಪಿ ತೆಗೆದು ಮುಖ ತೊಳೆದುಕೊಳ್ಳುತ್ತಿದ್ದ.

"ಕ್ಷಮಿಸಿ ಅಂತ ಕೇಳೋಕೆ ಬಂದೆ." ಅವಳಿಗೆ ಏದುಸಿರು.

"ಡ್ರೈವರ್ ಹೇಗಿದಾರೆ?"

"ನೋವು ಕಡಿಮೆಯಾಗಿದೆ. ಕ್ಷಮಿಸ್ತೀರಾ?"

"ಕ್ಷಮಿಸಿದೆ."

"ಇಷ್ಟು ಬೇಗನಾ? ಸ್ವಲ್ಪನಾದ್ರೂ ಬೈಯ್ರಿ!"

"ಮೇಡಂ ಬೈದಿರ್ತಾರಲ್ಲ."

ಇವನ ಮೇಲೆ ಸಿಟ್ಟು ಮಾಡಿಕೊಳ್ಳುವುದೋ, ಇವನ ಮುಂದೆ ಅಳುವುದೋ? "ಹಾಗಾದ್ರೆ ವಾಪಸ್ ಬನ್ನಿ. ಮುಂದಿನ ವಾರ ಪರೀಕ್ಷೆ. ನೀವು ಇದ್ರೆ ನನಗೆ ಧೈರ್ಯ."

ಅವನು ಟವೆಲಿನಿಂದ ಮುಖ ಒರೆಸುತ್ತಲೇ ಇದ್ದ, ಒರೆಸಿ ಮುಗಿದ ಮೇಲೂ. "ಬರಲ್ಲ."

"ಸೇಡಾ?"

"ಅಲ್ಲ."

"ಮತ್ತೇನು?"

"ಅದನ್ನ ಹೇಳೋಕಾಗಲ್ಲ."

"ಆವತ್ತು ನೀವು ಹೇಳೋಕೆ ಬಂದ್ರಿ, ನಾನು ಕೇಳ್ಲಿಲ್ಲ. ಇವತ್ತು ಕೇಳ್ತೀನಿ ಅಂದ್ರೆ ನೀವು ಹೇಳಲ್ಲ! ಏನು ಕರ್ಮ ರೀ ಇದು?"

ಅವನ ತುಟಿಯಂಚಿನಲ್ಲಿ ನಗು ಬಂದು ಮಾಯವಾಯಿತು. "ಕುಂಭಕರ್ಣಂಗೂ ಅರೆನಿದ್ದೆ ಕೊಡೋಕೆ ಬರುತ್ತೆ, ನೀವೇ ಕೇಳಿ. ಕೈ ಹಿಡ್ಕೊಳೋಕೆ ಸಿಸ್ಟರ್ ಇದಾರೆ. ನಿಮಗೆ ನಾನು ಬೇಕಾಗಿಲ್ಲ."

ಬಾಗಿಲು ಮುಚ್ಚಿಕೊಂಡಿತು. ಅವಳು ಮೆಟ್ಟಿಲ ಮೇಲೆ ಕುಸಿದು ಕುಳಿತು, ಯಾರು ನೋಡಿದರೇನು ಎಂದು ಅತ್ತಳು. ಬೇಕಾಗಿಲ್ವಂತೆ! ಸ್ಕೋಪಿಗೆ ಬೇಕಾಗಿಲ್ಲ, ಸರಿ. ನನಗೆ? ನನಗೆ ಬೇಕು ಅಂತ ಯಾವ ಬಾಯಲ್ಲಿ ಹೇಳಲಿ, ಬೇಡ ಅಂತ ಮೇಡಂ ಮುಂದೆ ಕೂಗಿದ ಇದೇ ಬಾಯಲ್ಲಾ?

ಪರೀಕ್ಷೆಯ ದಿನ ಬಂದವರು ಒಬ್ಬ ದರ್ಜಿ ಹೆಂಗಸು. ತೂಕ ಇಳಿದಿತ್ತು, ಮಲದಲ್ಲಿ ರಕ್ತ ಕಂಡಿತ್ತು. ಹೆದರಿ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಹಿಂಡುತ್ತಿದ್ದರು.

ಅವಳು ಅವರ ಪಕ್ಕ ಬಾಗಿದಳು. "ಅಕ್ಕಾ, ನಿಮಗೆ ಪೂರ್ತಿ ನಿದ್ದೆ ಬರಲ್ಲ. ನೋವು ಅನ್ನಿಸಿದ್ರೆ ಸಿಸ್ಟರ್ ಕೈ ಹಿಸುಕಿ. ನಾನು ತಕ್ಷಣ ನಿಲ್ಲಿಸ್ತೀನಿ. ಆಣೆಗೂ."

"ಅರೆನಿದ್ದೆನಾ?" ಕುಂಭಕರ್ಣ ಹುಬ್ಬೇರಿಸಿದರು. "ನನ್ನ ಮರ್ಯಾದೆ ಪ್ರಶ್ನೆ ಕಣಮ್ಮ!" ಎಂದು ಗೊಣಗಿದರೂ ಅಷ್ಟೇ ಕೊಟ್ಟರು.

ಮೇಡಂ ಕೈಕಟ್ಟಿ ಕುಳಿತರು. ಮೊದಲ ತಿರುವು ದಾಟಿತು. ಎರಡನೆಯದರಲ್ಲಿ ಸಿಸ್ಟರ್ ಹೇಳಿದರು, "ಹಿಸುಕಿದ್ರು."

ಅವಳು ನಿಂತಳು. ಒಳಗೆಲ್ಲ ತಳ್ಳು, ತಳ್ಳು ಅನ್ನುತ್ತಿತ್ತು. ಆದರೂ ಹಿಂದಕ್ಕೆಳೆದಳು. ಇಷ್ಟು ಕಷ್ಟಪಟ್ಟು ಬಂದ ದಾರಿಯಲ್ಲಿ ವಾಪಸ್ ಹೋಗುವುದೆಂದರೆ ಎಷ್ಟು ಸಂಕಟ! ಸ್ಕೋಪ್ ನೆಟ್ಟಗಾಯಿತು. ತಿರುಚಿದಳು. ಪರದೆಯ ಮೇಲೆ ಕರುಳು ಮೆಲ್ಲಗೆ ತೆರೆದುಕೊಂಡಿತು. ಇನ್ನೊಮ್ಮೆ ಹಿಸುಕು, ಇನ್ನೊಮ್ಮೆ ಹಿಂದಕ್ಕೆ. ಬೆನ್ನೆಲ್ಲ ಬೆವರು. ಮೇಡಂ ಕುರ್ಚಿ ಒಮ್ಮೆ ಕಿರುಗುಟ್ಟಿದಾಗ ಅವಳ ಜೀವ ಬಾಯಿಗೆ ಬಂತು, ಆದರೆ ಅವರು ಏಳಲಿಲ್ಲ.

ಕೊನೆ!

ಅದರ ಪಕ್ಕದಲ್ಲೇ, ಮಡಿಕೆಯೊಂದರ ಹಿಂದೆ, ಒಂದು ಗಂಟು ಅವಿತಿತ್ತು. ಅರ್ಧಕ್ಕೆ ನಿಲ್ಲಿಸಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದಾದ ಜಾತಿಯದು. ಅದನ್ನೂ ಅವಳೇ ಕತ್ತರಿಸಿ ತೆಗೆದಳು.

"ನಾನು ಸ್ಕೋಪ್ ಮುಟ್ಟಲಿಲ್ಲ," ಎಂದರು ಮೇಡಂ ಎದ್ದು ನಿಂತು. ಬೆನ್ನು ತಟ್ಟಿದರು. "ಹೋಗು, ಅವರ ಮನೆಯವರಿಗೆ ಹೇಳು."

ಅವಳಿಗೆ ಕುಣಿಯಬೇಕು ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಈ ಸುದ್ದಿ ಮೊದಲು ಕೇಳಬೇಕಾದವನು ಮೇಲಿನ ಮಹಡಿಯಲ್ಲಿ ಬಾಗಿಲು ಮುಚ್ಚಿಕೊಂಡಿದ್ದ.

"ಡಾಕ್ಟ್ರೇ," ಸಿಸ್ಟರ್ ಕಿಸಕ್ಕೆಂದರು, "ಹೊರಗೆ ಬೆಂಚಲ್ಲಿ ನೋಡಿ. ಹೆಂಡತೀನ ಹೆರಿಗೆಗೆ ಕಳಿಸಿದ ಗಂಡನ ಹಾಗೆ ಆಗಿಂದ ಒಬ್ರು ಕೂತಿದಾರೆ."

ಅವಳು ಬಾಗಿಲು ತಳ್ಳಿದಳು. ಪೇಷೆಂಟುಗಳ ಕಡೆಯವರ ನಡುವೆ, ಒಂದು ಮಗುವಿಗೂ ಒಂದು ಚೀಲಕ್ಕೂ ಮಧ್ಯೆ ಒತ್ತಿಕೊಂಡು, ಜೋಗುಳ ಕುಳಿತಿದ್ದ!

ಅವಳು ಮೊದಲು ದರ್ಜಿ ಹೆಂಗಸಿನ ಗಂಡನಿಗೆ ಎಲ್ಲ ವಿವರಿಸಿದಳು. ಆತ ಕೈ ಮುಗಿದು ಒಳಗೆ ಓಡಿದ. ಆಮೇಲೆ ಅವಳು ತಿರುಗಿದಳು.

"ಮುಟ್ಟಿದ್ರಾ?" ಎಂದ ಅವನು ಎದ್ದು ನಿಂತು.

"ಮುಟ್ಟಿದೆ. ಇಲ್ಲಿವರೆಗೂ ಬಂದೋರು ಒಳಗೆ ಬರಬಹುದಿತ್ತಲ್ಲ?"

"ಅದೇ ಆಗಲ್ಲ ಅಂದಿದ್ದು." ಅವನು ಸುತ್ತ ನೋಡಿದ. ಬೆಂಚಿನ ಮಂದಿಯೆಲ್ಲ ಕಿವಿ ಅಗಲಿಸಿದ್ದರು. ಅವಳು ಅವನ ತೋಳು ಹಿಡಿದು ಕಿಟಕಿಯ ಬಳಿ ಎಳೆದೊಯ್ದಳು.

"ಈಗ ಹೇಳಿ. ನಡುವೆ ಒಂದು ಮಾತೂ ಆಡಲ್ಲ."

"ನನ್ನ ಕೆಲಸ ಮಾನಿಟರ್ ನೋಡೋದು. ನೀವು ಹಲ್ಲು ಕಚ್ಕೊಂಡು ಸ್ಕೋಪ್ ಹಿಡಿದು ನಿಂತಾಗ ನಾನು ನಿಮ್ಮನ್ನ ನೋಡ್ತಿದ್ದೆ. ಒಂದು ದಿನ ಪೇಷೆಂಟ್ ಆಕ್ಸಿಜನ್ ಇಳಿದು ಮಾನಿಟರ್ ಕೂಗ್ಕೊಂಡಾಗಲೇ ನನಗೆ ಎಚ್ಚರ ಆಗಿದ್ದು. ಏನೂ ಆಗ್ಲಿಲ್ಲ. ಆದ್ರೆ ನಿಮ್ಮ ಕೋಣೇಲಿ ನಾನಿರಬಾರದು ಅಂತ ಅವತ್ತೇ ಗೊತ್ತಾಯ್ತು. ನೀವು ನನ್ನ ಬೇಡ ಅಂದಾಗ ಒಳ್ಳೇದೇ ಆಯ್ತು ಅಂದ್ಕೊಂಡೆ."

"ಖುಷಿಯಾಯ್ತಾ?!" ಮಾತಾಡಲ್ಲ ಅಂದದ್ದು ಅವಳಿಗೆ ಮರೆತೇಹೋಗಿತ್ತು.

"ಇಲ್ಲ. ಆಮೇಲೆ ಊಟ ಸೇರ್ತಿಲ್ಲ."

"ಊಟ ಸೇರದಿದ್ರೆ ನಮ್ಮ ವಿಭಾಗಕ್ಕೆ ತಾನೇ ಬರಬೇಕು?"

"ಬಂದ್ರೆ ನೀವು ಸ್ಕೋಪ್ ಹಾಕ್ತಿದ್ರಿ!"

ಅವಳು ನಕ್ಕಳು. ನಗುತ್ತ ನಗುತ್ತಲೇ ಕಣ್ಣು ತುಂಬಿ ಹರಿಯಿತು. ಇಷ್ಟು ದಿನದ ಸಿಟ್ಟು, ಸೋಲು, ಹೆದರಿಕೆ, ಎಲ್ಲ ಒಟ್ಟಿಗೇ ಹೊರಬಂದವು.

"ನೀವು ನನ್ನ ಕೋಣೆಗೆ ಬರೋದು ಬೇಡ," ಎಂದಳು ಮೂಗೊರೆಸಿಕೊಳ್ಳುತ್ತ. "ಮೂಳೆಯವರ ಹತ್ರಾನೇ ಇರಿ. ನನ್ನ ಪೇಷೆಂಟ್‌ಗೆ ನೀವು ಬೇಡ. ನನಗೆ ಬೇಕು. ನನಗೆ ನಿಮ್ಮ ಮೇಲೆ ತುಂಬಾ ಪ್ರೀತಿ ಇದೆ ಕಣ್ರೀ, ಏನ್ಮಾಡ್ಲಿ ಹೇಳಿ!"

ಅವನು ಹತ್ತಿರ ಬಂದ. ಅವಳ ಎರಡೂ ಕೈಗಳನ್ನು ತನ್ನ ಕೈಗಳೊಳಗೆ ತೆಗೆದುಕೊಂಡ.

"ಸಂಜೆ ನಮ್ಮನೆಗೆ ಊಟಕ್ಕೆ ಬನ್ನಿ," ಎಂದಳು. "ಅಮ್ಮಂಗೆ ತೋರಿಸ್ಬೇಕು."

"ಯಾರು ಅಂತ ಹೇಳ್ತೀರಿ?"

"ನನ್ನವರು ಅಂತ."

ಅವನ ಕಣ್ಣು ತೇವವಾಯಿತು. "ಇನ್ನೊಂದ್ಸಲ ಹೇಳಿ."

"ನನ್ನವರು," ಎಂದಳು ಅವಳು.